ಅಚಾಲನ ಮೀಮಾಂಸೆ

ವರ್ಗ ಮಾಡಿ ಎಣಿಸುವ ಚಟ ನಮ್ಮೂರಿಗೆ ಹಳೆಯದು. ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳು ಸುಮಾರು ನಾಲ್ಕನೆಯ ಶತಮಾನದವು, ಭಾಷೆ ಪ್ರಾಕೃತ. ಅರಸ ದಾನ ಕೊಟ್ಟೆ ಎಂದಷ್ಟೇ ಬರೆಸಿ ಸುಮ್ಮನಾಗಲಿಲ್ಲ. ದಾನ ಪಡೆದವರು ಹಾಲು ಮೊಸರು ಕೊಡಬೇಕಿಲ್ಲ, ಉಪ್ಪು ಸಕ್ಕರೆಯ ಕಾಟವಿಲ್ಲ, ಬಿಟ್ಟಿ ದುಡಿಮೆಯಿಲ್ಲ, ಸರದಿಯ ಮೇಲೆ ಎತ್ತು ಕಟ್ಟಬೇಕಿಲ್ಲ, ಹುಲ್ಲು ಕಟ್ಟಿಗೆ ಹೊರಬೇಕಿಲ್ಲ, ಕಾಯಿಪಲ್ಯೆ ಹೂವು ಒಪ್ಪಿಸಬೇಕಿಲ್ಲ ಎಂದು ಎಣಿಸುತ್ತ ಹೋಗಿ, ಇವೇ ಮೊದಲಾದ ಹದಿನೆಂಟು ಜಾತಿಯ ವಿನಾಯಿತಿ ಎಂದು ಲೆಕ್ಕ ಮುಗಿಸಿದ. ಮುಂದೆ 1057ರಲ್ಲಿ, ಆಹವಮಲ್ಲ ಸೋಮೇಶ್ವರನ ಮಂತ್ರಿ ದೇಮರಸ ಇಲ್ಲೇ ಕಟ್ಟಿಸಿದ ಕಲ್ಲೇಶ್ವರ ಗುಡಿಯ ಬಾಗಿಲವಾಡ ನೋಡಿದವರಿಗೂ ಗೊತ್ತು, ಪಟ್ಟಿಯ ಪಕ್ಕ ಪಟ್ಟಿ, ಒಂದೊಂದಕ್ಕೂ ಒಂದೊಂದು ಜಾತಿಯ ಕೆತ್ತನೆ. ಇಂಥ ಊರಲ್ಲಿ ಇದ್ದುಕೊಂಡು, ಹೊಸ ಎರಡು ಸ್ಟ್ರೋಕ್ ಎಂಜಿನ್ ಚಾಲೂ ಆಗದಿರುವ ಬಗೆಗಳನ್ನು ಯಾರೂ ವರ್ಗೀಕರಿಸಿಲ್ಲ ಎಂದರೆ ಪರಂಪರೆಗೆ ಕುಂದು. ಆ ಕುಂದನ್ನು ನೀಗಲು ಈ ಗ್ರಂಥ.

ಶಾಸ್ತ್ರವೆಂದ ಮೇಲೆ ನಾಲ್ಕು ಅನುಬಂಧ ಇರಲೇಬೇಕು. ವಿಷಯ: ಬೆನ್ನಿಗೆ ಹೊರುವ ಪವರ್ ಸ್ಪ್ರೇಯರ್, ನಮ್ಮ ಕಡೆಯವರ ಬಾಯಲ್ಲಿ ‘ಎಣ್ಣಿ ಹೊಡಿಯೋ ಮಷಿನ್ನು’, ಅದರ ದಾಯಾದಿಗಳಾದ ಬ್ರಷ್ ಕಟರ್ ಮತ್ತು ಹಳೆಯ ಟಿವಿಎಸ್ ಎಕ್ಸೆಲ್, ಕಡೆಗೆ, ಬೇಸಗೆ ರಜೆಗೆ ಊರಿಗೆ ಬರುವ ಪಟ್ಟಣದ ಮಕ್ಕಳ ಕೈಯಲ್ಲಿ ಕಾಣಬಹುದಾದ ರಿಮೋಟಿನ ನೈಟ್ರೋ ಟ್ರಕ್ಕು. ಪ್ರಯೋಜನ: ಹಗ್ಗ ಎಳೆದೆಳೆದು ರಟ್ಟೆ ಬೀಳದಿರುವುದು. ಅಧಿಕಾರಿ: ಹೊಸ ಯಂತ್ರ ತಂದು ಅದರ ಜೊತೆ ಬಂದ ಪುಸ್ತಕ ಓದದವನು. ಓದಿದವನಿಗೆ ಈ ಗ್ರಂಥ ಬೇಕಾಗುವುದಿಲ್ಲ. ಅಂಥವನು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ ಓದುಗರ ಕೊರತೆಯ ಚಿಂತೆಯಿಲ್ಲ. ಸಂಬಂಧ: ಕೈಗೂ ಸ್ಕ್ರೂ ಡ್ರೈವರಿಗೂ ಇರುವುದು. ಈ ಕಡೆಯ ಅನುಬಂಧವೇ ಎಲ್ಲ ಅನರ್ಥದ ಮೂಲ ಎಂಬುದು ಮುಂದೆ ಸಿದ್ಧವಾಗುತ್ತದೆ.

ಜಾತಿ ನಿರ್ಣಯ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಗೋವಿನಜೋಳದಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲೇ ಮೊದಲ ಸಲ ಕಂಡಿತು. ಅದು ಸುಳಿಯೊಳಗೆ ಕೂತು ತಿನ್ನುವ ಹುಳ. ಔಷಧ ಎಲೆಯ ಮೇಲೆ ಬಿದ್ದರೆ ಸಾಲದು, ಸುಳಿಗೇ ಇಳಿಯಬೇಕು. ಕೈಪಂಪು ಒತ್ತುತ್ತ ಎದೆಯುದ್ದದ ಗೋವಿನಜೋಳದಲ್ಲಿ ಸಾಲು ಸಾಲು ತಿರುಗಿದವನಿಗೆ ಎಂಜಿನ್ನಿನ ಮಹಿಮೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ, ಸಹಾಯಧನ, ಪಾಳಿ, ಕಡೆಗೆ ರಟ್ಟಿನ ಡಬ್ಬಿಯೊಳಗೆ ಥರ್ಮೋಕೋಲು ಸಮೇತ ಹೊಸ ಮಷಿನ್ನು. ಶಾಸ್ತ್ರದ ಆರಂಭ ಆ ಡಬ್ಬಿ ಬಿಚ್ಚಿದಲ್ಲಿಂದ.

ಮೊದಲು ಕುಲ ಗೊತ್ತಾಗಬೇಕು. ಬ್ಯಾಟರಿ ಪಂಪುಗಳು ಬೇರೆ ಕುಲ, ಅವಕ್ಕೆ ಇಲ್ಲಿ ಪ್ರವೇಶವಿಲ್ಲ. ಪೆಟ್ರೋಲಿನವುಗಳಲ್ಲಿ ಎರಡು ಪಂಗಡ. ಎಂಜಿನ್ನಿಗೆ ಪೆಟ್ರೋಲ್ ಮುಚ್ಚಳವಲ್ಲದೆ ಎಣ್ಣೆಗೆಂದೇ ಇನ್ನೊಂದು ಮುಚ್ಚಳವಿದ್ದರೆ ಅದು ನಾಲ್ಕು ಸ್ಟ್ರೋಕು: ಎಣ್ಣೆ ಕೆಳಗೆ ಬೇರೆ, ಪೆಟ್ರೋಲು ಮೇಲೆ ಬೇರೆ. ಒಂದೇ ಮುಚ್ಚಳವಿದ್ದರೆ ಎರಡು ಸ್ಟ್ರೋಕು. ಇದಕ್ಕೆ ಎಣ್ಣೆಯ ಪ್ರತ್ಯೇಕ ಪಾತ್ರೆಯೇ ಇಲ್ಲ. ಪೆಟ್ರೋಲು ಮತ್ತು ಗಾಳಿ ಮೊದಲು ಕ್ರ್ಯಾಂಕ್ ಇರುವ ಕೆಳಗಿನ ಕೋಣೆಗೆ ಬಂದು, ಅಲ್ಲಿಂದ ಪಿಸ್ಟನ್ನಿನ ಒತ್ತಡಕ್ಕೆ ಮೇಲೇರಿ ಉರಿಯುತ್ತವೆ. ದಾರಿಯಲ್ಲಿ ಬೇರಿಂಗು, ಪಿಸ್ಟನ್ನು, ಬೋರು ಎಲ್ಲವೂ ಪೆಟ್ರೋಲಿನಲ್ಲಿ ಕರಗಿಸಿದ ಎಣ್ಣೆಯ ಜಿಡ್ಡನ್ನಷ್ಟೇ ನಂಬಿಕೊಂಡಿರುತ್ತವೆ. ಆದ್ದರಿಂದ ಬರೀ ಪೆಟ್ರೋಲು ಹಾಕಿ ಎಳೆದರೆ ಏನೂ ತಕರಾರಿಲ್ಲದೆ ಚಾಲೂ ಆಗುತ್ತದೆ, ಹುರುಪಿನಿಂದ ಓಡುತ್ತದೆ, ಆಮೇಲೆ ಪಿಸ್ಟನ್ನು ಬೋರಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಈ ಒಂದು ಮೌನಕ್ಕೆ ಮಾತ್ರ ಹೊಲದಲ್ಲಿ ಔಷಧವಿಲ್ಲ.

ಎಣ್ಣೆಯ ಪ್ರಮಾಣದ ಬಗ್ಗೆ ಪುಸ್ತಕ ಸ್ಪಷ್ಟವಾಗಿದೆ. ಒಂದಕ್ಕೆ ಐವತ್ತು ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿ 2ಟಿ ಎಣ್ಣೆ. ಒಂದಕ್ಕೆ ಇಪ್ಪತ್ತೈದು ಎಂದಿದ್ದರೆ 40 ಮಿಲಿ. ಮೊದಮೊದಲ ಗಂಟೆಗಳಿಗೆ ಎಷ್ಟೋ ಕಂಪನಿಗಳು ಎರಡನೆಯದನ್ನೇ ಹೇಳುತ್ತವೆ. ಆದರೆ ಆಚರಣೆಯಲ್ಲಿ ಮೂರು ಸಂಪ್ರದಾಯಗಳಿವೆ. ಮುಚ್ಚಳ ಸಂಪ್ರದಾಯದವರು ಬಾಟಲಿಯ ಮುಚ್ಚಳವನ್ನೇ ಅಳತೆ ಮಾಡಿಕೊಂಡವರು. ಅವರ ಲೆಕ್ಕ ಬಾಟಲಿ ಬದಲಾದಾಗ ಬದಲಾಗುತ್ತದೆ. ವರ್ಣ ಸಂಪ್ರದಾಯದವರು ಪೆಟ್ರೋಲು ಕ್ಯಾನನ್ನು ಬಿಸಿಲಿಗೆ ಹಿಡಿದು ಬಣ್ಣ ನೋಡಿ ತಲೆಯಾಡಿಸುವವರು. ಮೂರನೆಯದು ಭಕ್ತಿ ಸಂಪ್ರದಾಯ: ಎಣ್ಣೆ ಎಷ್ಟು ಬಿದ್ದರೂ ಎಂಜಿನ್ನಿಗೆ ಒಳ್ಳೆಯದೇ ಎಂಬ ಗಾಢ ನಂಬಿಕೆ. ಕೊಟ್ಟೂರಿನ ಹತ್ತಿರದ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರ ಗುಡಿಯ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ಅಲ್ಲಿ ಎಣ್ಣೆಗೆ ಮಿತಿ ಹಾಕುವವರಿಲ್ಲ. ಎಂಜಿನ್ನಿಗೆ ಮಿತಿ ಇದೆ. ಹೆಚ್ಚಾದ ಎಣ್ಣೆ ಪ್ಲಗ್ಗಿನ ತುದಿಯಲ್ಲೂ ಸೈಲೆನ್ಸರಿನ ಬಾಯಲ್ಲೂ ಮಸಿಯಾಗಿ ಕೂರುತ್ತದೆ. ಔಷಧ ಅಂಗಡಿಯಲ್ಲಿ ಸೂಜಿಯಿಲ್ಲದ ಸಿರಿಂಜು ಸಿಗುತ್ತದೆ, ಅದರ ಮೇಲೆ ಮಿಲಿ ಗೆರೆ ಇರುತ್ತದೆ. ಮೂರೂ ಸಂಪ್ರದಾಯಗಳಿಗೆ ನನ್ನ ಉತ್ತರ ಆ ಸಿರಿಂಜು. ಎಣ್ಣೆಯನ್ನು ಕ್ಯಾನಿನಲ್ಲಿ ಪೆಟ್ರೋಲಿಗೆ ಬೆರೆಸಿ ಕುಲುಕಿ ಆಮೇಲೆ ಟ್ಯಾಂಕಿಗೆ ಹಾಕಬೇಕೇ ಹೊರತು ಟ್ಯಾಂಕಿನಲ್ಲೇ ಎರಡನ್ನೂ ಸುರಿಯಬಾರದು ಎಂಬುದೂ ಇಲ್ಲೇ ಹೇಳಬೇಕಾದ ಮಾತು.

ಮೌನ ಪ್ರಕರಣ

ಹಗ್ಗ ಎಳೆದರೂ ಎಂಜಿನ್ ಮಾತಾಡದಿರುವುದು ಮೌನ. ಅದು ಐದು ಬಗೆ.

ಮೊದಲನೆಯದು ಸ್ವಿಚ್ ಮೌನ. ಕೆಂಪು ಗುಂಡಿ ‘ಆಫ್’ ಕಡೆ ಇದೆ. ಇದನ್ನು ಭೇದವೆಂದು ಎಣಿಸುವುದೇ ಶಾಸ್ತ್ರಕ್ಕೆ ಅಪಚಾರ ಎಂದು ಪೂರ್ವಪಕ್ಷ. ಅದಕ್ಕೆ ಸಮಾಧಾನವಿಷ್ಟೇ: ಮನೆಯ ಅಂಗಳದಲ್ಲಿ ಸುತ್ತ ಜನ ನಿಂತು ನೋಡುವಾಗ ಹಗ್ಗ ಎಳೆಯುವವನಿಗೆ ಸ್ವಿಚ್ಚು ಕಾಣುವುದಿಲ್ಲ, ಜನರೇ ಕಾಣುತ್ತಾರೆ. ಹೊಲದಲ್ಲಿ ಒಬ್ಬನೇ ಇದ್ದಾಗ ಈ ರೋಗ ಕಡಿಮೆ.

ಎರಡನೆಯದು ಶುಷ್ಕ ಮೌನ. ಪೆಟ್ರೋಲು ಎಂಜಿನ್ನಿನವರೆಗೆ ಬಂದೇ ಇಲ್ಲ. ಕಾರ್ಬೋರೇಟರ್ ಕೆಳಗಿನ ರಬ್ಬರ್ ಬಲ್ಬನ್ನು ಒತ್ತಿದಾಗ ಅದರೊಳಗೆ ಪೆಟ್ರೋಲು ಆಡುವುದು ಕಾಣಬೇಕು. ಕಾಣದಿದ್ದರೆ ಕಾಕು ಮುಚ್ಚಿದೆ, ಅಥವಾ ಟ್ಯಾಂಕಿನೊಳಗಿನ ಪೈಪಿನ ತುದಿಯ ಫಿಲ್ಟರ್ ಗುಂಡು ಪೆಟ್ರೋಲಿನಿಂದ ಮೇಲೆ ತೇಲಿ ಗಾಳಿ ಕುಡಿಯುತ್ತಿದೆ, ಅಥವಾ ಪೈಪು ಸೀಳಿದೆ. ಮೂರನ್ನೂ ಕಣ್ಣಿಂದಲೇ ನೋಡಬಹುದು, ಪಾನಾ ಬೇಕಿಲ್ಲ.

ಮೂರನೆಯದಾದ ಆರ್ದ್ರ ಮೌನವೇ ಈ ಪ್ರಕರಣದ ರಾಜ. ಹೊಸಬರ ನೂರು ತಕರಾರುಗಳ ಹಿಂದೆ ಇದೇ ಕೂತಿರುತ್ತದೆ. ಇದರ ಹುಟ್ಟು ಹೀಗೆ: ತಣ್ಣಗಿರುವ ಎಂಜಿನ್ನಿಗೆ ಚೋಕ್ ಮುಚ್ಚಿ ಎಳೆಯಬೇಕೆಂದು ಮಾರಿದವರು ಹೇಳಿರುತ್ತಾರೆ. ಎಳೆದಾಗ ಒಂದು ಸಲ ‘ಟುಪ್’ ಅನ್ನುತ್ತದೆ. ಆ ‘ಟುಪ್’ ಎಂಜಿನ್ ಕೊಡುವ ಸನ್ನೆ: ಸಾಕು, ಚೋಕ್ ತೆಗೆ ಎಂದು. ಸನ್ನೆ ತಿಳಿಯದವನು ಅದನ್ನು ಹುರಿದುಂಬಿಕೆ ಎಂದುಕೊಂಡು ಚೋಕ್ ಹಾಗೇ ಬಿಟ್ಟು ಇನ್ನೂ ಜೋರಾಗಿ ಎಳೆಯುತ್ತಾನೆ. ಪ್ರತಿ ಎಳೆತಕ್ಕೂ ಗಾಳಿಯಿಲ್ಲದ ಹಸಿ ಪೆಟ್ರೋಲು ಒಳಗೆ ಸೇರಿ ಪ್ಲಗ್ಗು ಮುಳುಗುತ್ತದೆ. ಆಮೇಲೆ ಅಣ್ಣ ಎಳೆಯುತ್ತಾನೆ, ಅಳಿಯ ಎಳೆಯುತ್ತಾನೆ, ದಾರಿಯಲ್ಲಿ ಹೋಗುವವರನ್ನು ಕರೆದು ಎಳೆಸುತ್ತಾರೆ. ಎಳೆದವರ ತೋಳುಬಲ ಹೆಚ್ಚಿದಷ್ಟೂ ಎಂಜಿನ್ ಹೆಚ್ಚು ಮುಳುಗುತ್ತದೆ.

ಇಲ್ಲಿ ಪ್ಲಗ್ ಬಿಚ್ಚಬೇಕು. ನಮ್ಮ ಸೀಮೆಯ ಹಳೆಯ ಮಾತು: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಎಂಜಿನ್ನು ಉಜ್ಜಿನಿಯ ಪಕ್ಷಕ್ಕೆ ಸೇರಿದ್ದು. ಹೊರಗಿನ ಬಣ್ಣ, ಸ್ಟಿಕ್ಕರು, ಕಂಪನಿಯ ಹೆಸರು ಏನೂ ಹೇಳುವುದಿಲ್ಲ. ಒಳಗಿನ ಸುದ್ದಿಯನ್ನೆಲ್ಲ ಪ್ಲಗ್ಗಿನ ತುದಿ ಹೇಳುತ್ತದೆ. ಪಿಂಗಾಣಿ ಸುತ್ತ ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಮಸಿ, ಬೆರಳಿಗೆ ಹತ್ತುವಂಥದ್ದು ಇದ್ದರೆ ಗಾಳಿ ಕಡಿಮೆ ಅಥವಾ ಎಣ್ಣೆ ಹೆಚ್ಚು. ಸುಟ್ಟು ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದೆ ತಲೆ ಕಾದಿದೆ. ಇದು ಭಯಪಡಬೇಕಾದ ಬಣ್ಣ. ತೊಟ್ಟಿಕ್ಕುವಷ್ಟು ಒದ್ದೆಯಿದ್ದು ಪೆಟ್ರೋಲು ನಾರುತ್ತಿದ್ದರೆ ಅದೇ ಆರ್ದ್ರ ಮೌನ. ಆಗ ಪ್ಲಗ್ಗನ್ನು ಹೊರಗೇ ಇಟ್ಟು, ಪೆಟ್ರೋಲು ಕಾಕು ಮುಚ್ಚಿ, ಚೋಕ್ ಪೂರ್ತಿ ತೆಗೆದು, ಎಕ್ಸಿಲೇಟರ್ ಒತ್ತಿ ಹಿಡಿದು, ಆರೇಳು ಸಲ ಹಗ್ಗ ಎಳೆಯಬೇಕು. ತೂತಿನಿಂದ ಪೆಟ್ರೋಲು ಮಂಜಿನಂತೆ ಹಾರುವುದು ಕಾಣುತ್ತದೆ, ಬೀಡಿ ಹಚ್ಚಿಕೊಂಡವರು ದೂರ ನಿಲ್ಲಲಿ. ಪ್ಲಗ್ಗನ್ನು ಅರಿವೆಯಿಂದ ಒರೆಸಿ ಬಿಸಿಲಿಗಿಟ್ಟು, ತಿರುಗಿ ಹಾಕಿ, ಚೋಕ್ ಇಲ್ಲದೆ ಎಳೆದರೆ ಬಹುತೇಕ ಎದ್ದು ಕೂರುತ್ತದೆ. ಬಿಸಿ ಎಂಜಿನ್ನಿಗೆ ಚೋಕ್ ಹಾಕುವವರೂ ಇದೇ ಮೌನಕ್ಕೆ ಬೀಳುತ್ತಾರೆ; ಊಟಕ್ಕೆ ನಿಲ್ಲಿಸಿ ಮತ್ತೆ ಹಚ್ಚುವಾಗ ಚೋಕ್ ಬೇಕಿಲ್ಲ.

ನಾಲ್ಕನೆಯದು ನಿಸ್ತೇಜ ಮೌನ, ಕಿಡಿಯೇ ಇಲ್ಲ. ಬಿಚ್ಚಿದ ಪ್ಲಗ್ಗನ್ನು ಟೋಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಲೋಹಕ್ಕೆ, ಪ್ಲಗ್ ತೂತಿನಿಂದ ದೂರಕ್ಕೆ ತಾಗಿಸಿ ಹಗ್ಗ ಎಳೆದಾಗ ನೀಲಿ ಕಿಡಿ ಹಾರಬೇಕು. ಹಾರದಿದ್ದರೆ ಮೊದಲು ಬೇರೆ ಪ್ಲಗ್ ಹಾಕಿ ನೋಡುವುದು. ಆಗಲೂ ಇಲ್ಲದಿದ್ದರೆ ಸ್ವಿಚ್ಚಿನಿಂದ ಬರುವ ಸಣ್ಣ ವೈರು ಎಲ್ಲೋ ಸಿಪ್ಪೆ ಸುಲಿದು ಮೈಗೆ ತಾಗಿದೆಯೇ ನೋಡುವುದು. ಅದೂ ಸರಿಯಿದ್ದರೆ ಕ್ವಾಯಿಲ್ಲು. ಹೊಸ ಯಂತ್ರವಾದರೆ ಗ್ಯಾರಂಟಿ ಕಾರ್ಡು ಹುಡುಕುವ ಹೊತ್ತು. ಪ್ಲಗ್ಗಿನ ತುದಿಯ ಸಂದು ಈ ಸಣ್ಣ ಎಂಜಿನ್ನುಗಳಿಗೆ ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್, ನೆಲಕ್ಕೆ ಬಿದ್ದ ಪ್ಲಗ್ಗಿನ ಸಂದು ಮುಚ್ಚಿಹೋಗಿರುತ್ತದೆ.

ಐದನೆಯದು ನಿಸ್ಸತ್ವ ಮೌನ. ಹಗ್ಗ ಎಳೆದರೆ ಕೈಗೆ ಎದುರು ಒತ್ತಡವೇ ಸಿಗುವುದಿಲ್ಲ, ಬಾವಿಯಿಂದ ಖಾಲಿ ಕೊಡ ಸೇದಿದ ಹಾಗೆ ಹಗುರಾಗಿ ಬರುತ್ತದೆ. ಪ್ಲಗ್ ಸಡಿಲ, ಅಥವಾ ರಿಂಗು, ಬೋರು ಹೋಗಿವೆ. ಹೊಸದರಲ್ಲಿ ಈ ಭೇದ ಕಂಡರೆ ಹಿಂದೆ ಹೇಳಿದ ಬರೀ ಪೆಟ್ರೋಲಿನ ಕಥೆಯನ್ನು ಮನೆಯಲ್ಲಿ ಯಾರೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ.

ಹಗ್ಗದ ವಿಷಯಕ್ಕೆ ಒಂದು ಮಾತು. ಮೊದಲು ನಿಧಾನ ಎಳೆದು ಗಟ್ಟಿ ಹತ್ತಿದ ಜಾಗ ಕಂಡುಕೊಂಡು, ಅಲ್ಲಿಂದ ಒಮ್ಮೆ ಚುರುಕಾಗಿ ಎಳೆಯಬೇಕು. ಕೊನೆಯವರೆಗೆ ಎಳೆದರೆ ಹಗ್ಗ ಕೀಳುತ್ತದೆ. ಹಿಡಿ ಕೈಬಿಟ್ಟರೆ ರಪ್ಪನೆ ಒಳಗೆ ಬಡಿದು ಸ್ಪ್ರಿಂಗು ತುಂಡಾಗುತ್ತದೆ. ತೋರಿಕೆಗಾಗಿ ಎಳೆಯುವವರು ಇವೆರಡನ್ನೂ ಒಂದೇ ದಿನ ಸಾಧಿಸಿದ್ದನ್ನು ನೋಡಿದ್ದೇನೆ.

ಕ್ಷಣಿಕ ಪ್ರಕರಣ

ಚಾಲೂ ಆಗಿ ನಿಲ್ಲುವುದು ಮೌನಕ್ಕಿಂತ ಕುತಂತ್ರಿ, ಏಕೆಂದರೆ ಆಸೆ ಹುಟ್ಟಿಸುತ್ತದೆ. ಇದರಲ್ಲಿ ಒಂದೇ ಭೇದವನ್ನು ವಿಸ್ತಾರವಾಗಿ ಹೇಳುತ್ತೇನೆ, ಉಳಿದವು ಅದರ ಛಾಯೆಗಳು.

ಉಳ್ಳಾಗಡ್ಡಿ ಹೊಲದ ಬದುವಿನಲ್ಲಿ ನಡೆದ ಸಂವಾದ ಹೀಗಿತ್ತು:

“ಕಾಕಾ, ಹೊಸಾ ಮಷಿನ್ನು. ಐದು ನಿಮಿಷ ಚಲೋ ಓಡತೈತಿ, ಆಮ್ಯಾಲೆ ತಾನಾ ನಿಂದರತೈತಿ. ಸ್ವಲ್ಪ ಹೊತ್ತು ಬಿಟ್ರ ಮತ್ತ ಚಾಲೂ ಆಕ್ಕೈತಿ.”

“ಪೆಟ್ರೋಲು ಐತೇನಪಾ?”

“ತುಂಬ ಐತಿ.”

“ಹಂಗಾರ ಮುಚ್ಚಳ ಸಡಿಲ ಮಾಡು.”

ಮುಚ್ಚಳ ಅರ್ಧ ಸುತ್ತು ತಿರುಗಿಸಿದಾಗ ಟ್ಯಾಂಕು ‘ಸುಂಯ್’ ಎಂದು ಗಾಳಿ ಒಳಗೆಳೆದುಕೊಂಡಿತು. ಅಷ್ಟೇ ರೋಗ. ಪೆಟ್ರೋಲು ಕೆಳಗಿಳಿದಷ್ಟು ಗಾಳಿ ಮೇಲಿನಿಂದ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಎರೆ ಹೊಲದ ಧೂಳು, 2ಟಿ ಎಣ್ಣೆಯ ಜಿಡ್ಡು ಎರಡೂ ಸೇರಿ ಆ ತೂತನ್ನು ಗಾರೆ ಹಾಕಿದಷ್ಟು ಗಟ್ಟಿಯಾಗಿ ಮುಚ್ಚುತ್ತವೆ. ಒಳಗೆ ಗಾಳಿಯಿಲ್ಲದೆ ಪೆಟ್ರೋಲು ಇಳಿಯದು, ಎಂಜಿನ್ ಹಸಿದು ನಿಲ್ಲುತ್ತದೆ. ನಿಂತ ಮೇಲೆ ನಿಧಾನಕ್ಕೆ ಎಲ್ಲಿಂದಲೋ ಗಾಳಿ ನುಸುಳಿ ಮತ್ತೆ ಐದು ನಿಮಿಷಕ್ಕೆ ಜೀವ ಬರುತ್ತದೆ. ಸಂವಾದದ ಹುಡುಗ ಅಷ್ಟರಲ್ಲಾಗಲೇ ಕಾರ್ಬೋರೇಟರಿನ ಎರಡು ತಿರುಪುಗಳನ್ನು ಅತ್ತಿತ್ತ ತಿರುಗಿಸಿ, ಏರ್ ಫಿಲ್ಟರ್ ಕಿತ್ತು ಬದುವಿನ ಮೇಲಿಟ್ಟು, ಸೈಲೆನ್ಸರ್ ಬೋಲ್ಟು ಸಡಿಲಿಸಿದ್ದ. ಮುಚ್ಚಳದ ತೂತು ಸೂಜಿಯಿಂದ ಒಂದು ಕ್ಷಣದಲ್ಲಿ ತೆರೆಯಿತು. ತಿರುಪುಗಳನ್ನು ಮತ್ತೆ ಸರಿಗೂಡಿಸಲು ಹಡಗಲಿಯ ಗ್ಯಾರೇಜಿಗೆ ಒಯ್ಯಬೇಕಾಯಿತು.

ಇದರ ಛಾಯೆಗಳು: ಚೋಕ್ ತೆಗೆದ ಕೂಡಲೆ ನಿಲ್ಲುವುದು ಇನ್ನೂ ಬಿಸಿಯಾಗದ ಲಕ್ಷಣ, ಅರ್ಧ ಚೋಕಿನಲ್ಲಿ ಒಂದು ನಿಮಿಷ ಬಿಡಿ, ಎಕ್ಸಿಲೇಟರ್ ಒತ್ತಿದರೆ ನಿಲ್ಲುವುದು ಫಿಲ್ಟರ್ ಕಟ್ಟಿದ ಅಥವಾ ಜೆಟ್ಟಿನಲ್ಲಿ ಕಸ ಕೂತ ಲಕ್ಷಣ, ಸೈಲೆನ್ಸರಿನ ಬಾಯಿಯ ಸಣ್ಣ ಜಾಲರಿ ಮಸಿಯಿಂದ ಮುಚ್ಚಿದರೆ ಎಂಜಿನ್ ಓಡುತ್ತದೆ, ಆದರೆ ಶಕ್ತಿ ಏರುವುದಿಲ್ಲ. ಭಕ್ತಿ ಸಂಪ್ರದಾಯದವರಿಗೆ ಕಡೆಯದು ಖಚಿತ.

ಧೂಮ ಮತ್ತು ಸ್ವರ ಪ್ರಕರಣ

ತಾರ್ಕಿಕರು ಹೊಗೆ ಕಂಡರೆ ಬೆಂಕಿ ಊಹಿಸಿದರು. ಎರಡು ಸ್ಟ್ರೋಕ್ ಶಾಸ್ತ್ರದಲ್ಲಿ ಅನುಮಾನ ಪ್ರಮಾಣ ಅಷ್ಟಕ್ಕೆ ನಿಲ್ಲದು. ಹೊಗೆಯ ಬಣ್ಣದಿಂದ ಒಡೆಯನ ಸ್ವಭಾವವನ್ನೂ ಊಹಿಸಬಹುದು. ತೆಳುವಾದ ನೀಲಿ ಹೊಗೆ: ಎಣ್ಣೆ ಸರಿ, ಒಡೆಯ ಸಮಾಧಾನಿ. ಹೊಲದ ಆ ತುದಿಯವರೆಗೂ ಕಾಣುವ ದಟ್ಟ ಬಿಳಿನೀಲಿ: ಎಣ್ಣೆ ಹೆಚ್ಚು, ಒಡೆಯ ಧಾರಾಳಿ. ಕಪ್ಪು: ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ, ಫಿಲ್ಟರ್ ಎಂಬುದೊಂದಿದೆ ಎಂದು ಒಡೆಯನಿಗೆ ತಿಳಿದಿಲ್ಲ. ಹೊಗೆಯೇ ಇಲ್ಲದಿರುವುದನ್ನು ಕಂಡು ‘ಎಂಥಾ ಕ್ಲೀನ್ ಮಷಿನ್’ ಎಂದು ಹೊಗಳುವವರಿದ್ದಾರೆ. ಹೊಸ ಎರಡು ಸ್ಟ್ರೋಕಿನಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟ ಶಕುನ. ಎಣ್ಣೆ ಬಿದ್ದಿದೆಯೋ ಇಲ್ಲವೋ ಎಂದು ಕೂಡಲೆ ನಿಲ್ಲಿಸಿ ನೋಡಬೇಕು.

ಸ್ವರದ ಅರ್ಥ ಹೇಳುವುದು ಇನ್ನೂ ಕಷ್ಟ. ನಮ್ಮ ತಾಲ್ಲೂಕಿನದೇ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಲಕ್ಷ ಜನರನ್ನು ಸುಮ್ಮನಾಗಿಸಿ, ಒಂದೇ ಒಂದು ವಾಕ್ಯದ ಕಾರ್ಣಿಕ ನುಡಿಯುತ್ತಾನೆ. ಆ ಒಂದು ವಾಕ್ಯಕ್ಕೆ ಮಳೆ ಬೆಳೆಯವರು ಒಂದು ಅರ್ಥ, ರಾಜಕೀಯದವರು ಇನ್ನೊಂದು ಅರ್ಥ ಮಾಡುತ್ತ ವರ್ಷ ಕಳೆಯುತ್ತಾರೆ. ಎಂಜಿನ್ನಿನ ಕಾರ್ಣಿಕಕ್ಕೂ ವ್ಯಾಖ್ಯಾನಕಾರರು ಅಷ್ಟೇ ಇದ್ದಾರೆ. ಆದರೂ ಎರಡು ಸ್ವರಗಳಿಗೆ ಅರ್ಥ ನಿಶ್ಚಿತ. ‘ಬಡ ಬಡ’ ಎಂದು ತೊದಲುವುದು ಪೆಟ್ರೋಲು ಹೆಚ್ಚಾದ ಸ್ವರ. ಕೇಳಲು ಚೆನ್ನಾಗಿಲ್ಲ, ಆದರೆ ಹೊಸ ಎಂಜಿನ್ನಿಗೆ ಅಪಾಯವಿಲ್ಲ. ಎಕ್ಸಿಲೇಟರ್ ಬಿಟ್ಟರೂ ಇಳಿಯದೆ ಕೀರಲು ಏರುತ್ತ ಹೋಗುವುದು ಪೆಟ್ರೋಲು ಸಾಲದ ಅಥವಾ ಗ್ಯಾಸ್ಕೆಟ್ಟು, ಆಯಿಲ್ ಸೀಲುಗಳ ಸಂದಿನಿಂದ ಕಳ್ಳಗಾಳಿ ನುಗ್ಗುತ್ತಿರುವ ಸ್ವರ. ಹೊಸಬರಿಗೆ ಇದು ಶಕ್ತಿಯ ಗರ್ಜನೆ ಎನಿಸುತ್ತದೆ. ಕೂಡಲೆ ಸ್ವಿಚ್ಚು ಆಫ್. ಬಿಟ್ಟರೆ ಅದೇ ಎಂಜಿನ್ನಿನ ಕಡೆಯ ಮಾತು.

ನೈಟ್ರೋ ಪರಿಶಿಷ್ಟ

ರಿಮೋಟಿನಿಂದ ಓಡುವ ನೈಟ್ರೋ ಟ್ರಕ್ಕು ಈ ಕುಲದ ಕಿರಿಯ ಕೂಸು. ಎಂಜಿನ್ ಸಾಮಾನ್ಯವಾಗಿ 2.5ರಿಂದ 3.5 ಸಿಸಿ. ಪೆಟ್ರೋಲು ಕುಡಿಯದು. ಅದರ ಆಹಾರ ಮೆಥನಾಲು, ನೈಟ್ರೋಮೀಥೇನು ಮತ್ತು ಎಣ್ಣೆ. ಆ ಎಣ್ಣೆಯಲ್ಲಿ ನಮ್ಮ ಹೊಲದ ಬದುವಿನ ಔಡಲಕ್ಕೆ ಪಾಲಿದೆ: ಔಡಲೆಣ್ಣೆ ಮೆಥನಾಲಿನಲ್ಲಿ ಕರಗುತ್ತದೆ, ಭಾರೀ ಕಾವಿನಲ್ಲೂ ಲೋಹಕ್ಕೆ ಅಂಟಿಕೊಂಡಿರುತ್ತದೆ. ಮೊದಲ ಮಹಾಯುದ್ಧದ ರೋಟರಿ ಎಂಜಿನ್ನಿನ ವಿಮಾನಗಳೂ ಇದೇ ಎಣ್ಣೆಯ ಮೇಲೆ ಹಾರಿದವು. ಅದರ ಹೊಗೆ ನುಂಗಿದ ಪೈಲಟ್‌ಗಳ ಹೊಟ್ಟೆ ಏನಾಗುತ್ತಿತ್ತೆಂದು ಚಿಕ್ಕಂದಿನಲ್ಲಿ ಅಜ್ಜಿಯ ಕೈಯಲ್ಲಿ ಔಡಲೆಣ್ಣೆ ಕುಡಿದವರಿಗೆ ವಿವರಿಸಬೇಕಿಲ್ಲ.

ಇದಕ್ಕೆ ಕಿಡಿಯ ಪ್ಲಗ್ಗಿಲ್ಲ, ಗ್ಲೋ ಪ್ಲಗ್ಗು. 1947ರಲ್ಲಿ ಅಮೆರಿಕದ ರೇ ಆರ್ಡನ್ ಮಾರುಕಟ್ಟೆಗೆ ತಂದದ್ದು. ಒಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿ. ಶುರುವಿನಲ್ಲಿ ಒಂದೂವರೆ ವೋಲ್ಟಿನ ಬ್ಯಾಟರಿ ಹಚ್ಚಿ ಅದನ್ನು ಕೆಂಪಗೆ ಕಾಯಿಸಬೇಕು. ಆಮೇಲೆ ಬ್ಯಾಟರಿ ತೆಗೆದರೂ ಮೆಥನಾಲು ಮತ್ತು ಪ್ಲಾಟಿನಂ ನಡುವಿನ ಕ್ರಿಯೆಯೇ ಸುರುಳಿಯನ್ನು ಕೆಂಪಗೆ ಇಡುತ್ತದೆ. ಬ್ಯಾಟರಿ ತೆಗೆದ ಕೂಡಲೆ ಎಂಜಿನ್ ನಿಂತರೆ ಮೊದಲು ಸುರುಳಿಯನ್ನು ನೋಡಿ, ಆಮೇಲೆ ಇಂಧನ ತೀರಾ ಹೆಚ್ಚಾಗಿ ಹೋಗುತ್ತಿದೆಯೇ ನೋಡಿ.

ಹೊಸ ನೈಟ್ರೋ ಎಂಜಿನ್ನಿನ ಹಗ್ಗ ಎಷ್ಟೋ ಸಲ ಬರುವುದೇ ಇಲ್ಲ. ಕೆಟ್ಟಿಲ್ಲ. ಇದರ ಪಿಸ್ಟನ್ನಿಗೆ ರಿಂಗಿಲ್ಲ. ಬೋರು ಮೇಲೆ ಮೇಲೆ ಕಿರಿದಾಗುತ್ತ ಹೋಗಿ ತುದಿಯಲ್ಲಿ ಪಿಸ್ಟನ್ನನ್ನು ಬಿಗಿ ಹಿಡಿಯುತ್ತದೆ. ತಲೆಯನ್ನು ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಎಳೆಯಬೇಕು, ಒರಟಾಗಿ ಎಳೆದರೆ ಹಗ್ಗ ಹೋಗುತ್ತದೆ. ಮೊದಲ ಕೆಲವು ಟ್ಯಾಂಕುಗಳನ್ನು ಇಂಧನ ಹೆಚ್ಚಾಗಿ ಬಿಟ್ಟು, ಹೊಗೆ ಬಿಡುತ್ತ, ಅರ್ಧ ವೇಗದಲ್ಲಿ, ನಡುನಡುವೆ ತಣ್ಣಗಾಗಲು ನಿಲ್ಲಿಸಿ ಓಡಿಸಬೇಕು. ತಲೆಯ ಮೇಲೆ ಒಂದು ಹನಿ ನೀರು ಹಾಕಿದಾಗ ಕೆಲವು ಸೆಕೆಂಡು ಕುದ್ದು ಆರಿದರೆ ಸರಿ. ಚಿಟ್ಟೆಂದು ಸಿಡಿದರೆ ಅತಿಕಾವು, ಇಂಧನ ಹೆಚ್ಚಿಸಬೇಕು. ಹುಡುಗರಿಗೆ ಈ ಹೊತ್ತಿನ ಸಹನೆಯೇ ಇರುವುದಿಲ್ಲ. ಡಬ್ಬಿ ಬಿಚ್ಚಿದ ದಿನವೇ ಪೂರ್ತಿ ವೇಗ ಬೇಕು, ಸಂಜೆಯೊಳಗೆ ಸೂಜಿ ತಿರುಪು ಬಿಗಿಯುತ್ತಾರೆ. ಆಟ ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ, ಒಳಗೆ ಎರಡು ಹನಿ ಎಣ್ಣೆ ಬಿಟ್ಟು ತಿರುಗಿಸಿಡಿ. ಮೆಥನಾಲು ಗಾಳಿಯ ತೇವ ಕುಡಿದು ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಮೆಥನಾಲು ವಿಷ. ಅದರ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಡಬ್ಬಿ ಮಕ್ಕಳ ಕೈಗೆ ಸಿಗಬಾರದು. ಇಲ್ಲಿ ಶಾಸ್ತ್ರದ ತಮಾಷೆ ನಡೆಯದು.

ವೈದ್ಯ ಪ್ರಕರಣ

ಹೊಲದಲ್ಲಿ ಎಂಜಿನ್ ನಿಂತ ಹತ್ತು ನಿಮಿಷದಲ್ಲಿ ವೈದ್ಯರು ನೆರೆಯುತ್ತಾರೆ. ‘ಕಂಪನಿಯೇ ಸರಿ ಇಲ್ಲ’ ಎಂಬ ನಿಂದಕ ವೈದ್ಯ, ‘ನಮ್ಮದು ಹಿಂಗಾಗಲೇ ಇಲ್ಲ’ ಎಂಬ ಆತ್ಮಸ್ತುತಿ ವೈದ್ಯ, ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಬೇರೆಯದೇ ಎಂಜಿನ್ನಿನ ಚಿಕಿತ್ಸೆ ತೋರಿಸುವ ದೂರ ವೈದ್ಯ. ಇವರು ನಿರುಪದ್ರವಿಗಳು. ಅಪಾಯ ಬರುವುದು ನಾಲ್ಕನೆಯವನಿಂದ. ಅವನು ಮಾತಾಡುವುದಿಲ್ಲ. ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದು, ಕೇಳದೆ, ಕಾರ್ಬೋರೇಟರಿನ ಎರಡು ತಿರುಪುಗಳ ಮೇಲಿಡುತ್ತಾನೆ.

ಆ ಎರಡರಲ್ಲಿ ಒಂದು ನಿಧಾನದ ಓಟಕ್ಕೆ, ಇನ್ನೊಂದು ಜೋರು ಓಟಕ್ಕೆ ಪೆಟ್ರೋಲಿನ ಪಾಲು ನಿರ್ಧರಿಸುತ್ತವೆ. ಕಾರ್ಖಾನೆಯವರು ಅವನ್ನು ಓಡಿಸಿ ನೋಡಿ ಕೂಡಿಸಿರುತ್ತಾರೆ. ಒಳಗೆ ತಿರುಗಿಸಿದರೆ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಕ್ಷಣಕಾಲ ಹುರುಪಾಗುತ್ತದೆ, ಸ್ವರ ಏರುತ್ತದೆ, ನೆರೆದವರು ತಲೆದೂಗುತ್ತಾರೆ. ಹೊಸ ಎಂಜಿನ್ನಿನ ಬೋರು ಹೋಗುವ ಅತಿ ಸರಳ ದಾರಿಯೂ ಅದೇ. ಮೇಲೆ ಎಣಿಸಿದ ಭೇದಗಳನ್ನೆಲ್ಲ ಇನ್ನೊಮ್ಮೆ ಕಣ್ಣಾಡಿಸಿ: ಸ್ವಿಚ್ಚು, ಕಾಕು, ಚೋಕು, ಪ್ಲಗ್ಗು, ಮುಚ್ಚಳದ ತೂತು, ಫಿಲ್ಟರು, ಎಣ್ಣೆಯ ಅಳತೆ. ತಿರುಪು ಬೇಡುವ ರೋಗ ಅವುಗಳಲ್ಲಿ ಎಷ್ಟಿವೆ? ಹೊಸ ಯಂತ್ರದ ರೋಗಗಳಲ್ಲಿ ಬಹುಪಾಲು ಹೊರಗಿನವು. ಒಳಗಿನ ರೋಗಗಳಲ್ಲಿ ಬಹುಪಾಲು ಈ ನಾಲ್ಕನೆಯ ವೈದ್ಯ ಹುಟ್ಟಿಸಿದವು. ಇದೇ ಈ ಶಾಸ್ತ್ರದ ಸಿದ್ಧಾಂತ.

ಪಥ್ಯ

ಪಥ್ಯ ಹೆಚ್ಚಿಲ್ಲ. ಔಷಧ ಹೊಡೆಯುವ ದಿನಗಳಲ್ಲಿ ಏರ್ ಫಿಲ್ಟರಿನ ಸ್ಪಂಜನ್ನು ದಿನವೂ ಜಾಡಿಸಿ, ವಾರಕ್ಕೊಮ್ಮೆ ಸೋಪು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಒಂದೆರಡು ಹನಿ ಎಣ್ಣೆ ಹಿಂಡಿ ಹಾಕಬೇಕು. ಕೂಡ್ಲಿಗಿಯ ಕೆಂಪು ಮಸಾರಿಯ ಧೂಳಾಗಲಿ, ನಮ್ಮ ಎರೆಯ ಧೂಳಾಗಲಿ ಬೋರಿಗೆ ಒಂದೇ.

ಪೆಟ್ರೋಲು ಈಗ ಹಳೆಯ ಪೆಟ್ರೋಲಲ್ಲ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆತದ್ದು, ಈಗ ಬಹುತೇಕ ಎಲ್ಲ ಬಂಕಿನಲ್ಲಿದೆ. ಎಥನಾಲು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬೆರೆಸಿಟ್ಟ ಪೆಟ್ರೋಲನ್ನು ತಿಂಗಳುಗಟ್ಟಲೆ ಇಟ್ಟರೆ ನೀರು ಸೇರಿ ತಳಕ್ಕೆ ಬೇರೆಯಾಗಿ ನಿಲ್ಲಬಹುದು. ಕಾರ್ಬೋರೇಟರಿನೊಳಗಿನ ರಬ್ಬರಿನ ಪರದೆ ಗಡುಸಾಗುತ್ತದೆ, ಜೆಟ್ಟಿನಲ್ಲಿ ಅಂಟು ಕೂರುತ್ತದೆ. ಹಿಂದಿನ ಹಂಗಾಮಿನಲ್ಲಿ ಚೆನ್ನಾಗಿ ಓಡಿದ್ದು ಈ ಹಂಗಾಮಿನಲ್ಲಿ ಏಳದಿದ್ದರೆ ಕಾರಣ ಬಹುತೇಕ ಇದೇ. ಆದ್ದರಿಂದ ಬೇಕಾದಷ್ಟೇ ಬೆರೆಸಿ. ಹಂಗಾಮು ಮುಗಿದ ದಿನ ಟ್ಯಾಂಕು ಬಗ್ಗಿಸಿ, ಉಳಿದದ್ದು ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡಿ.

ಪಂಪಿನ ಕಡೆಗೂ ಒಂದು ಮಾತು. ಔಷಧದ ಟ್ಯಾಂಕು ಖಾಲಿಯಿರುವಾಗ ಪಂಪು ಓಡಿಸಬಾರದು, ಒಳಗಿನ ಸೀಲು ಒಣಗಿ ಹೋಗುತ್ತದೆ. ಹೊಡೆದಾದ ಮೇಲೆ ಮೂರು ಸಲ ನೀರು ಹಾಕಿ ಹೊಲದಲ್ಲೇ ಹೊಡೆದು ತೊಳೆಯಬೇಕು, ಕಾಲುವೆಯಲ್ಲಲ್ಲ. ಕಳೆನಾಶಕ ಹೊಡೆದ ಟ್ಯಾಂಕನ್ನು ತೊಳೆಯದೆ ಮಲ್ಲಿಗೆಗೆ ಹೊಡೆದರೆ ಜಿಐ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯ ಗಿಡವೂ ಕಳೆಯಂತೆಯೇ ಸುಡುತ್ತದೆ. ಸಾಧ್ಯವಿದ್ದರೆ ಕಳೆನಾಶಕಕ್ಕೆ ಟ್ಯಾಂಕೇ ಬೇರೆ ಇರಲಿ. ಕಟ್ಟಿದ ನಾಜಲನ್ನು ಬಾಯಿಂದ ಊದುವವರು ಇನ್ನೂ ಇದ್ದಾರೆ. ಹಳೆಯ ಹಲ್ಲುಜ್ಜುವ ಬ್ರಷ್ಷು ಅದಕ್ಕೆ ಸಾಕು.

ಹೊಸ ಮಷಿನ್ ತಂದವರಲ್ಲಿ ವಿನಂತಿ: ಹೊಲಕ್ಕೆ ಹೋಗುವಾಗ ಪ್ಲಗ್ ಪಾನಾ, ಹೆಚ್ಚಿನ ಪ್ಲಗ್ಗೊಂದು, ಸೂಜಿ, ಒಣ ಅರಿವೆ ಒಯ್ಯಿರಿ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಹಾಕಿ, ಗಾಳಿಗೆ ಬೆನ್ನು ಮಾಡಿ ಹೊಡೆಯಿರಿ. ಸ್ಕ್ರೂ ಡ್ರೈವರ್ ಮನೆಯಲ್ಲೇ ಬಿಟ್ಟು ಬನ್ನಿ. ಯಾರಾದರೂ ಜೇಬಿಗೆ ಕೈ ಹಾಕಿದರೆ ಅವರಿಗೆ ಮೊದಲು ಚಹಾ ಕುಡಿಸಿ.